ಸಣ್ಣ ಫೋನು ಬೇಕೆಂದವರು

ಎಂ.ಎ. ಮುಗಿಸಿ ಎರಡು ವರ್ಷ ಕಳೆದರೂ ಮೈಲೂರಿನ ಪ್ರಣಿತಾಳಿಗೆ ನೆಟ್ಟಗಿನ ಕೆಲಸವೊಂದು ಸಿಕ್ಕಿರಲಿಲ್ಲ. ಬೀದರಿನಲ್ಲಿ ಕರೆದ ಕಡೆಗೆಲ್ಲ ಅರ್ಜಿ ಹಾಕಿದ್ದಳು, ಪರೀಕ್ಷೆ ಬರೆದಿದ್ದಳು. ಹಾಗಿರುವಾಗ ಒಂದು ಶ್ರಾವಣದಲ್ಲಿ ಹೈದರಾಬಾದಿನ ಸರ್ವೆ ಕಂಪನಿಯೊಂದು ಅವಳನ್ನು ಕರೆಯಿತು. ಮೊಬೈಲ್ ತಯಾರಿಸುವವರ ಪರವಾಗಿ ಮನೆ ಮನೆಗೆ ಹೋಗಿ, ಜನರಿಗೆ ಎಂಥ ಫೋನು ಬೇಕು, ಎಷ್ಟು ದೊಡ್ಡದಿರಬೇಕು, ಎಷ್ಟು ದುಡ್ಡಿಗೆ ಸಿಗಬೇಕು ಎಂದು ಕೇಳಿ ತುಂಬಿಸಿಕೊಂಡು ಬರುವ ಕೆಲಸ. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಸೇರಿ ನೂರೈವತ್ತು ಮನೆ. ಇಪ್ಪತ್ತು ದಿನದೊಳಗೆ ಮುಗಿಯಬೇಕು. ಚೆನ್ನಾಗಿ ಮಾಡಿದರೆ ಕಾಯಂ ಮಾಡಿಕೊಳ್ಳುತ್ತೇವೆ ಎಂದೂ ಹೇಳಿದ್ದರು.

ಅವಳ ಅಪ್ಪ ಮಾಣಿಕ ಸಾಲೆಯ ಮಾಸ್ತರಾಗಿದ್ದವರು. ಮೂರು ಸಲ ಜನಗಣತಿ ಮಾಡಿದ್ದರು. ಮಗಳಿಗೂ ಅಂಥದೇ ಕೆಲಸ ಬಂತೆಂದು ಅವರಿಗೆ ಹಿಗ್ಗು. ಮಂದಿ ಏನು ಹೇಳುತ್ತಾರೋ ಅದನ್ನೇ ಬರೆಯಬೇಕು, ಬಾಯಿಗೆ ಮಾತು ಹಾಕಿಕೊಡಬಾರದು ಎಂದು ಕೂತು ಪಾಠ ಹೇಳಿದರು. ಪ್ರಣಿತಾ ಹಾಗೇ ಮಾಡಿದಳು. ಔರಾದದ ಓಣಿಗಳಲ್ಲಿ, ಸಂತಪುರದ ಬಸ್ ಸ್ಟ್ಯಾಂಡಿನ ಸುತ್ತ, ಭಾಲ್ಕಿಯ ಕಡೆಯ ಹಳ್ಳಿಗಳಲ್ಲಿ ಕೆಸರು ತುಳಿಯುತ್ತ ತಿರುಗಿದಳು. ಅವಳಿಗೆ ಆಶ್ಚರ್ಯವಾದದ್ದೆಂದರೆ, ಸಣ್ಣ ಫೋನು ಬೇಕೆನ್ನುವವರು ಬಹಳ ಮಂದಿ ಸಿಕ್ಕರು. ದೊಡ್ಡ ಫೋನು ಅಂಗಿಯ ಕಿಸೆಯಿಂದ ಬಾವಿಗೆ ಬಿತ್ತೆಂದು ಒಬ್ಬ ಹೇಳಿದ. ಬೈಕಿನ ಮೇಲೆ ಕೂತರೆ ಪ್ಯಾಂಟಿನ ಕಿಸೆಯಲ್ಲೇ ಬಾಗುತ್ತದೆಂದು ಇನ್ನೊಬ್ಬ. ಕೈಗೆ ಹಿಡಿಯುವಂಥದು, ಕಡಿಮೆ ದುಡ್ಡಿನದು ಅಂಗಡಿಯಲ್ಲಿ ಇಡುವುದೇ ಇಲ್ಲವಲ್ಲ ಎಂದು ದವಾಖಾನೆಯಲ್ಲಿ ಸಿಸ್ಟರ್ ಕೆಲಸ ಮಾಡುವ ಹೆಂಗಸೊಬ್ಬಳು ಇವಳನ್ನೇ ಗದರಿಸಿದಳು.

ಸಾಯಗಾಂವದ ಅನುಸೂಯಾಬಾಯಿ ಸಿಕ್ಕದ್ದು ಹದಿನಾಲ್ಕನೆಯ ದಿನ. ಐವತ್ತೈದು ದಾಟಿದ ಹೆಂಗಸು. ಅಂಗಳದಲ್ಲಿ ಹೆಸರುಕಾಯಿ ಒಣಹಾಕುತ್ತಿದ್ದಳು. ಹೆಸರು, ಊರು ಕೇಳಿದವಳು ಮೈಲೂರು ಅಂದಕೂಡಲೇ ಯಾರ ಮಗಳೆಂದು ವಿಚಾರಿಸಿದಳು. ಮಾಣಿಕ ಮಾಸ್ತರರ ಮಗಳೆಂದು ತಿಳಿದಾಗ ಅವಳ ಮುಖ ಅರಳಿತು. ಜೈ ಭೀಮ್ ಎಂದು ಕೈ ಹಿಡಿದು ಒಳಗೆ ಕರೆದೊಯ್ದು, ಬಾಬಾಸಾಹೇಬರ ಫೋಟೋದ ಕೆಳಗೆ ಚಾಪೆ ಹಾಸಿ ಕೂಡಿಸಿದಳು. ನಮ್ಮ ಹುಡುಗಿಯೊಬ್ಬಳು ಇಷ್ಟು ಓದಿ, ಕೈಯಲ್ಲಿ ಟ್ಯಾಬು ಹಿಡಿದು, ತನ್ನ ಮನೆಗೆ ಬಂದು ತನ್ನ ಮಾತು ಬರೆದುಕೊಳ್ಳುತ್ತಾಳೆ ಎಂಬುದೇ ಅವಳಿಗೆ ದೊಡ್ಡ ಸಂಗತಿಯಾಗಿತ್ತು.

ಅವಳ ಬಲಗೈಯ ಎರಡು ಬೆರಳು ಮೇವು ಕತ್ತರಿಸುವ ಮಷೀನಿಗೆ ಸಿಕ್ಕು ಹೋಗಿದ್ದವು. ಮನೆಯಲ್ಲಿದ್ದ ಒಂದೇ ದೊಡ್ಡ ಫೋನು ಮಗ ಸಂಘಪಾಲನದು. ಅದನ್ನು ಎರಡು ಸಲ ಕೈಜಾರಿ ಕೆಡವಿ, ಗಾಜು ಒಡೆದ ಮೇಲೆ ಅವಳು ಮತ್ತೆ ಮುಟ್ಟಿರಲಿಲ್ಲ. ಅವಳ ಹತ್ತಿರ ಇದ್ದದ್ದು ಬರೀ ಒತ್ತುವ ಫೋನು. ಅದರಲ್ಲಿ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ಅವಳಿಗೆ ನೋಡಬೇಕಾಗಿದ್ದ ಮುಖ ಒಂದೇ, ಸಂತಪುರದಲ್ಲಿದ್ದ ಅಕ್ಕ ಕೇಶರಬಾಯಿಯದು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದರೂ ಸಾಯಗಾಂವದಿಂದ ಸಂತಪುರ ಮುಟ್ಟಲು ಮೂರು ಬಸ್ಸು ಬದಲಿಸಬೇಕು, ಅರ್ಧ ದಿನ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು.

"ನನಗ ದೊಡ್ಡದು ಬ್ಯಾಡ ಬಾಯಿ," ಎಂದಳು ಅನುಸೂಯಾಬಾಯಿ, ಉಳಿದ ಮೂರು ಬೆರಳನ್ನು ಮುಂದೆ ಚಾಚಿ. "ಇಷ್ಟರಾಗ ಹಿಡಿಲಾಕ ಬರ್ಬೇಕು, ಸೊಂಟದ ಚೀಲದಾಗ ಕುಂದ್ರಬೇಕು. ಆರು ಸಾವಿರದೊಳಗ ಇರ್ಬೇಕು. ಅಕ್ಕನ ಮಾರಿ ಕಂಡ್ರ ಸಾಕು, ಸಿನೇಮಾ ನೋಡೋದಿಲ್ಲ ನನಗ."

ಪ್ರಣಿತಾ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಷರಾ ಎಂಬ ಜಾಗದಲ್ಲಿ ಬರೆದುಕೊಂಡಳು. ಅನುಸೂಯಾಬಾಯಿ ಬಗ್ಗಿ ನೋಡಿ, ಬರೆದೆಯಾ ಎಂದು ಕೇಳಿದಳು. ಬರೆದೆ ಎಂದಾಗ, ಹಾಗಾದರೆ ಎಂದು ಬರುತ್ತದೆ ಎಂದಳು. ಫೋನು ಬರುವ ವಿಷಯ ಕಂಪನಿಯವರು ಪ್ರಣಿತಾಳಿಗೆ ಏನೂ ಹೇಳಿರಲಿಲ್ಲ. ಮುಂದಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಚಹಾ ಕುಡಿದಾಗಿತ್ತು, ಇಷ್ಟು ಅಕ್ಕರೆ ಮಾಡಿದವಳಿಗೆ ಒಂದು ಒಳ್ಳೆಯ ಮಾತು ಹೇಳಿ ಏಳೋಣವೆನಿಸಿತು.

"ಬರ್ತದ ಮೌಶಿ. ನೀವು ಹೇಳಿದ್ದೆಲ್ಲಾ ಕಂಪನಿಗಿ ಹೋಗ್ತದ. ದೀಪಾವಳಿ ಮುಂದ ಬರಬಹುದು."

ಅಷ್ಟು ಹೇಳಿ ಅವಳು ಬಸ್ಸು ಹಿಡಿದಳು.

ಸರ್ವೆ ಮುಗಿದ ಮೂರನೆಯ ದಿನ ಅವಳ ಮೇಲಧಿಕಾರಿ ಗೋರಖನಾಥನ ಕರೆ ಬಂತು. ಕಲಬುರಗಿಯಲ್ಲಿ ಕೂತು ಐದು ಜಿಲ್ಲೆಗಳ ಫಾರ್ಮು ನೋಡುವವನು. ಕೆಟ್ಟ ಮನುಷ್ಯನಲ್ಲ, ಆದರೆ ಅವಸರದವನು. ನೂರೈವತ್ತರಲ್ಲಿ ಅರವತ್ಮೂರು ಮಂದಿ ಸಣ್ಣ ಫೋನು ಕೇಳಿದ್ದಾರೆಂದರೆ ಯಾರೂ ನಂಬುವುದಿಲ್ಲ ಎಂದ. ಬೇರೆ ಜಿಲ್ಲೆಗಳಲ್ಲಿ ಹತ್ತೂ ಇಲ್ಲವಂತೆ. ತಾನು ಒಂದು ಮನೆಯನ್ನೂ ಬಿಟ್ಟಿಲ್ಲವೆಂದು ಪ್ರಣಿತಾ ಹೇಳಿದಳು.

"ಹೋಗಿರ್ಬಹುದು, ನಾ ಇಲ್ಲ ಅನ್ನಂಗಿಲ್ಲ," ಎಂದ ಗೋರಖನಾಥ. "ಆದ್ರ ಮ್ಯಾಲಿನವ್ರು ಇದನ್ನ ನೋಡಿ, ಈ ಹುಡುಗಿ ಮನಿಯಾಗ ಕುಂತು ಬರದಾಳ ಅಂತಾರ. ನಿನ್ನ ಕೆಲಸಾನೂ ಹೋಗ್ತದ, ನನ್ನ ಮಾತೂ ಹೋಗ್ತದ. ಎಲ್ಲಾ ಕಡಿ ಇದ್ದಂಗ ಸರಿ ಮಾಡಿ ನಾಳಿಗಿ ಕಳಿಸು."

ಹೋಗಿ ಕೇಳಿದ್ದು ಸುಳ್ಳಿನಂತೆ ಕಾಣುತ್ತಿತ್ತು. ಅದು ನಿಜವೆಂದು ಕಾಣಬೇಕಾದರೆ ಸುಳ್ಳು ಬರೆಯಬೇಕಾಗಿತ್ತು. ಮರುದಿನ ಬೆಳಿಗ್ಗೆ ಪ್ರಣಿತಾ ಅಡುಗೆಮನೆಯ ಮೂಲೆಯಲ್ಲಿ ಕೂತು ಒಂದೊಂದೇ ಫಾರ್ಮು ತೆರೆದಳು. ಮೊದಲ ಐದಾರಕ್ಕೆ ಹೊತ್ತು ಹಿಡಿಯಿತು, ಆಮೇಲೆ ರೂಢಿಯಾಯಿತು. ಬಾವಿಗೆ ಫೋನು ಕೆಡವಿಕೊಂಡವನಿಗೆ ದೊಡ್ಡದು ಬೇಕೆಂದಾಯಿತು, ಗದರಿಸಿದ ಸಿಸ್ಟರಿಗೂ ದೊಡ್ಡದೇ ಆಯಿತು. ಅನುಸೂಯಾಬಾಯಿಯ ಫಾರ್ಮು ಬಂದಾಗ ಕೈ ನಿಂತಿತು. ಷರಾದಲ್ಲಿ ಅವಳ ಮಾತು ಹಾಗೇ ಇತ್ತು. ಉತ್ತರ ಬದಲಿಸಿದರೆ ಆ ಮಾತೂ ಇರುವ ಹಾಗಿಲ್ಲ. ಬೇರೆ ಜಿಲ್ಲೆಗಳ ಲೆಕ್ಕಕ್ಕೆ ಹೊಂದುವಂತೆ ಹನ್ನೆರಡು ಫಾರ್ಮುಗಳಲ್ಲಷ್ಟೇ ಸಣ್ಣದನ್ನು ಉಳಿಸುವುದೆಂದು ಎಣಿಸಿದ್ದಳು, ಅದರಲ್ಲಿ ಇದೊಂದನ್ನು ಸೇರಿಸೋಣವೇ ಎಂದು ಯೋಚಿಸಿದಳು. ಆ ಹನ್ನೆರಡು ಆಗಲೇ ತುಂಬಿದ್ದವು. ಮತ್ತೆ ಹಿಂದೆ ಹೋಗಿ ಇನ್ನೊಂದನ್ನು ತೆಗೆಯಲು ಬೇಸರವಾಯಿತು. ಅಳಿಸಿದಳು.

ಇನ್ನೂ ಮುಗಿದಿಲ್ಲವೇ ಎಂದು ಅಪ್ಪ ಪಡಸಾಲೆಯಿಂದ ಕೇಳಿದರು. ಅಕ್ಷರ ತಪ್ಪು ತಿದ್ದುತ್ತಿದ್ದೇನೆ ಎಂದಳು.

ದಸರೆಗೆ ಅವಳ ಕೆಲಸ ಕಾಯಂ ಆಯಿತು. ಮೂರೂ ಕಡೆಯ ಸರ್ವೆ ನೋಡಿಕೊಳ್ಳುವ ಹೊಣೆ ಕೊಟ್ಟರು. ಅಪ್ಪ ಬುದ್ಧವಿಹಾರದಲ್ಲಿ ಎಲ್ಲರಿಗೂ ಪೇಢೆ ಹಂಚಿದರು. ಅಡುಗೆ ಎಣ್ಣೆ, ಸೋಪು, ಬೀಜ, ಒಂದರ ಹಿಂದೆ ಒಂದು ಸರ್ವೆ ಬಂದವು. ಫೋನಿನ ಮಾತು ಅವಳಿಗೆ ಮರೆತೇಹೋಯಿತು ಎನ್ನುವಂತಿಲ್ಲ. ನೆನಪಾದಾಗ ಬೇರೆ ಯಾವುದಾದರೂ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಫೆಬ್ರವರಿಯ ಒಂದು ಮಧ್ಯಾಹ್ನ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಬೀದರ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ತಿರುಗಿದರೆ ಅನುಸೂಯಾಬಾಯಿ. ಕೈಯಲ್ಲಿ ಬಟ್ಟೆಯ ಗಂಟು. ಮೊದಲಿಗಿಂತ ಸೊರಗಿದ್ದಳು. ಅಪ್ಪ ಹೇಗಿದ್ದಾರೆ, ಊಟವಾಯಿತೇ ಎಂದು ಕೇಳಿ, ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: "ಆ ಫೋನ್ ಇನ್ನಾ ಬಂದಿಲ್ಲೇನು ಬಾಯಿ?"

ಉತ್ತರಕ್ಕೆ ಕಾಯದೆ ಅನುಸೂಯಾಬಾಯಿಯೇ ಹೇಳುತ್ತ ಹೋದಳು. ದೀಪಾವಳಿಗೆ ಸಂಘಪಾಲ ಅವಳಿಗೊಂದು ಫೋನು ಕೊಡಿಸುತ್ತೇನೆಂದು ಭಾಲ್ಕಿಗೆ ಕರೆತಂದಿದ್ದನಂತೆ. ಅಂಗಡಿಯಲ್ಲಿ ಇದ್ದವೆಲ್ಲ ದೊಡ್ಡವು. ಸಣ್ಣದು ಬರುವುದಿದೆ, ಮಾಸ್ತರರ ಮಗಳು ಬರೆದುಕೊಂಡು ಹೋಗಿದ್ದಾಳೆ, ತಡಿ ಎಂದು ಇವಳೇ ಮಗನನ್ನು ತಡೆದಳು. ಡಿಸೆಂಬರಿನಲ್ಲಿ ಸಂತಪುರದ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗಡೆ ಹೋಯಿತು, ಮಾತು ಹೋಯಿತು. ಅನುಸೂಯಾಬಾಯಿ ಹೋಗಿ ನಾಲ್ಕು ದಿನ ಇದ್ದು ಬಂದಳು. ಮನೆಯಲ್ಲಿ ಎಮ್ಮೆ ಕರು ಹಾಕುವುದಿತ್ತು, ತೊಗರಿ ರಾಶಿಯಿತ್ತು. ಸಂಘಪಾಲ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋದರೆ ಮೂರು ದಿನ ಮನೆಗೆ ಬರುತ್ತಿರಲಿಲ್ಲ, ಅವನ ಫೋನೂ ಅವನ ಜೊತೆ. ಅಕ್ಕನ ಮಗಳು ಮಧ್ಯಾಹ್ನ ಕರೆ ಮಾಡುತ್ತಿದ್ದಳು. ಅವ್ವ ಬಾಗಿಲ ಕಡೆ ನೋಡುತ್ತಾಳೆ ಚಿಕ್ಕವ್ವ, ನಿನ್ನ ಮುಖ ತೋರಿಸಿದರೆ ಕಣ್ಣಾದರೂ ಮಿಟುಕಿಸಿಯಾಳು, ವಿಡಿಯೋ ಇಲ್ಲವೇ ಎಂದು ಕೇಳುತ್ತಿದ್ದಳು.

"ಅಕಿಗಿ ಮಾತೇ ಇರಲಿಲ್ಲಲ್ಲ ಬಾಯಿ. ಕಿವಿಗಿ ಫೋನ್ ಹಚ್ಚಿದ್ರ ಏನು ಕೇಳ್ಲಿ ನಾ? ಉಸುರು ಕೇಳ್ತಿತ್ತು, ಅಷ್ಟೇ."

ಜನವರಿ ಎರಡನೆಯ ವಾರದಲ್ಲಿ ಅಕ್ಕನಿಗೆ ಹೆಚ್ಚಾಯಿತೆಂದು ಕರೆ ಬಂದಾಗ ಅವಳು ಬೆಳಗಿನ ಮೊದಲ ಬಸ್ಸಿಗೇ ಹೊರಟಿದ್ದಳು. ಸಂತಪುರದಲ್ಲಿ ಇಳಿಯುವ ಹೊತ್ತಿಗೆ ಅಂಗಳದಲ್ಲಿ ಮಂದಿ ಸೇರಿದ್ದರು.

ಇಷ್ಟು ಹೇಳಿ ಅನುಸೂಯಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ತಡವಾಯಿತಲ್ಲ, ಕಂಪನಿಯವರಿಗೂ ಏನು ತೊಂದರೆಯೋ ಎಂದಳು. ಆ ಮಾತನ್ನು ತಡೆದುಕೊಳ್ಳಲು ಪ್ರಣಿತಾಳಿಂದ ಆಗಲಿಲ್ಲ.

"ಮೌಶಿ, ನೀವು ಹೇಳಿದ್ದು ನಾ ಕಳಿಸ್ಲೇ ಇಲ್ಲ. ಅಳಿಸಿದೆ. ನಿಮಗ ದೊಡ್ಡದು ಬೇಕಂತ ಬರದು ಕಳಿಸ್ದೆ."

ಯಾಕೆ ಎಂದು ಅನುಸೂಯಾಬಾಯಿ ಕೇಳಿದಳು. ಪ್ರಣಿತಾ ಗೋರಖನಾಥನ ಕರೆ, ಕೆಲಸ ಹೋಗುವ ಹೆದರಿಕೆ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಆ ಕಾರಣಗಳು ತೆಳ್ಳಗೆ ಕಂಡವು. ಅನುಸೂಯಾಬಾಯಿ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಎದುರಿಗೆ ಉದಗೀರ ಬಸ್ಸು ಬಂದು ಮಂದಿ ಹತ್ತಿ ಇಳಿದರು.

"ಅಳಿಸಿದ್ದಕ್ಕ ಏನಿಲ್ಲ ಬಾಯಿ," ಎಂದಳು ಕಡೆಗೆ. "ಅಷ್ಟು ದೊಡ್ಡ ಕಂಪನಿಯವ್ರು ನನ್ನ ಮಾತು ಎಲ್ಲಿ ಕೇಳ್ತಿದ್ರು. ಬರ್ತದ ಅಂದೆಲ್ಲ, ಅದು ಅನಬಾರದಿತ್ತು. ಬರಂಗಿಲ್ಲ ಅಂದಿದ್ರ ದೀಪಾಳಿಗೇ ದೊಡ್ಡದು ತಗೊಂಡಿರ್ತಿದ್ದೆ. ಎರಡೂ ಕೈಲೆ ಹಿಡಿದು ನೋಡ್ತಿದ್ದೆ."

ಅವಳ ಊರಿನ ಬಸ್ಸು ಬಂತು. ಗಂಟು ಎತ್ತಿಕೊಂಡು, ಬರ್ತೇನಿ ಎಂದು ಹೇಳಿಯೇ ಹತ್ತಿದಳು.

ಪ್ರಣಿತಾಳಿಗೆ ಅಳಿಸಿದ್ದೇ ತನ್ನ ತಪ್ಪೆಂದು ಇಷ್ಟು ದಿನ ಅನಿಸಿತ್ತು. ಅದಕ್ಕೆ ಗೋರಖನಾಥ ಪಾಲುದಾರನಿದ್ದ, ಕಂಪನಿಯಿತ್ತು. ಬರ್ತದ ಎಂದದ್ದಕ್ಕೆ ಪಾಲುದಾರರು ಯಾರೂ ಇರಲಿಲ್ಲ. ಅದನ್ನು ಹೇಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೀದರಿನಲ್ಲಿ ಅವಳು ಫೋನಿನ ಅಂಗಡಿಗಳನ್ನೆಲ್ಲ ಹುಡುಕಿದಳು. ಜುಲ್ಫೀಕಾರ ಎಂಬ ಹಳೆಯ ಅಂಗಡಿಯವನು ಕಪಾಟಿನ ತಳದಿಂದ ಅಂಗೈಯಗಲದ ಹಳೆಯ ಫೋನೊಂದನ್ನು ತೆಗೆದು ಒರೆಸಿ ಕೊಟ್ಟ. ಕೈಗೆ ಚೆನ್ನಾಗಿ ಕೂರುತ್ತಿತ್ತು. ಆದರೆ ಅದು ಬಹಳ ಹಳೆಯದು, ಈಗ ಅದರಲ್ಲಿ ವಿಡಿಯೋ ಕರೆ ನಡೆಯುವುದಿಲ್ಲ, ಸುಮ್ಮನೆ ದುಡ್ಡು ಹಾಳು ಮಾಡಬೇಡಿ ಎಂದು ಅವನೇ ಹೇಳಿದ. ಹೊಸದು ಇಂಥದು ಯಾಕೆ ತರಿಸುವುದಿಲ್ಲ ಎಂದು ಅವಳು ಕೇಳಿದಳು.

"ದಿನಾ ನಾಕು ಮಂದಿ ಕೇಳ್ತಾರ್ರಿ," ಎಂದ ಜುಲ್ಫೀಕಾರ. "ಕಂಪನಿ ಏಜೆಂಟಗ ಹೇಳ್ದೆ. ಈ ಕಡಿ ಸರ್ವೆ ಆಗ್ಯದಂತ, ಮಂದಿಗಿ ದೊಡ್ಡದೇ ಬೇಕಂತ ಬಂದದಂತ. ಯಾರಿಗಿ ಕೇಳಿದ್ರೋ ಖುದಾಗೇ ಗೊತ್ತು."

ಪ್ರಣಿತಾ ಆ ಹಳೆಯ ಫೋನನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಬಂದಳು. ಗೋರಖನಾಥನಿಗೆ ಕರೆ ಮಾಡಿ, ಹಳೆಯ ಉತ್ತರಗಳನ್ನು ಮತ್ತೆ ಕಳಿಸಬಹುದೇ ಎಂದು ಕೇಳಿದಳು. ವರದಿ ಹೋಗಿ ಆರು ತಿಂಗಳಾಯಿತು, ಈಗ ಅದನ್ನು ಎಬ್ಬಿಸಿ ಏನು ಮಾಡುತ್ತೀ ಎಂದ ಅವನು. ಕೆಲಸ ಬಿಡುವ ಯೋಚನೆಯೂ ಬಂತು. ಬಿಡಲಿಲ್ಲ. ಅಪ್ಪನ ಪೇಢೆಯ ಹಿಗ್ಗು ಕಣ್ಣೆದುರಿಗಿತ್ತು, ಬೇರೆ ಕೆಲಸವಿರಲಿಲ್ಲ. ಆಮೇಲಿನ ಸರ್ವೆಗಳಲ್ಲಿ, ನಾವು ಹೇಳಿದ್ದು ಆಗುತ್ತದೆಯೇ ಎಂದು ಜನ ಕೇಳಿದರೆ ತನಗೆ ಗೊತ್ತಿಲ್ಲ ಎಂದು ಹೇಳುತ್ತಿದ್ದಳು. ಕೆಲವರು ಹಾಗಾದರೆ ಯಾಕೆ ಬಂದೆ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ತಿಂಗಳ ಕಡೆಯ ಭಾನುವಾರ ಅವಳು ಸಾಯಗಾಂವಕ್ಕೆ ಹೋದಳು. ಮನೆಯಲ್ಲಿ ಯಾರೂ ಇರಲಿಲ್ಲ. ಕಡಲೆ ಕೀಳಲು ಹೊಲಕ್ಕೆ ಹೋಗಿದ್ದಾರೆಂದು ಪಕ್ಕದವರು ದಾರಿ ತೋರಿಸಿದರು. ಅನುಸೂಯಾಬಾಯಿ ಒಬ್ಬಳೇ ಸಾಲು ಹಿಡಿದಿದ್ದಳು. ಇವಳನ್ನು ಕಂಡು ಬಾ ಎಂದಳು, ಬೇರೇನೂ ಕೇಳಲಿಲ್ಲ. ಪ್ರಣಿತಾ ಚಪ್ಪಲಿ ಬದುವಿನ ಮೇಲೆ ಬಿಟ್ಟು ಪಕ್ಕದ ಸಾಲಿನಲ್ಲಿ ಕೂತಳು. ಗಿಡದ ಹುಳಿಗೆ ಅಂಗೈ ಉರಿಯತೊಡಗಿತು. ತುದಿ ಹಿಡಿದರೆ ಹರಿಯುತ್ತದೆ, ಬುಡ ಹಿಡಿ ಎಂದು ಅನುಸೂಯಾಬಾಯಿ ಒಮ್ಮೆ ಹೇಳಿಕೊಟ್ಟಳು.

ಬಿಸಿಲು ಏರಿದ ಮೇಲೆ ಬೇವಿನ ನೆರಳಿಗೆ ಬಂದು ನೀರು ಕುಡಿದರು. ತಾನೇ ಒಂದು ದೊಡ್ಡ ಫೋನು ಕೊಡಿಸುತ್ತೇನೆ, ಹಿಡಿಯಲು ಬರುವಂಥ ಪಟ್ಟಿಯೂ ಸಿಗುತ್ತದೆ ಎಂದು ಪ್ರಣಿತಾ ಹೇಳಿದಳು. ದಾರಿಯುದ್ದಕ್ಕೂ ಆ ಮಾತನ್ನು ಕೂಡಿಸಿಕೊಂಡು ಬಂದಿದ್ದಳು.

"ಈಗ ಬ್ಯಾಡ ಬಾಯಿ," ಎಂದಳು ಅನುಸೂಯಾಬಾಯಿ. "ಯಾರಿಗಿ ನೋಡ್ಲಿ ನಾ ಇನ್ನ?"

ಆಮೇಲೆ ಅಕ್ಕನ ವಿಷಯ ತಾನಾಗಿಯೇ ತೆಗೆದಳು. ತಮ್ಮ ತವರಿನಲ್ಲಿ ಸಾಲೆಗೆ ಹೋದವಳು ಅಕ್ಕ ಒಬ್ಬಳೇ, ಅದೂ ಎರಡು ವರ್ಷ. ಸಂಜೆ ಬಂದು ತಂಗಿಯನ್ನು ಎದುರಿಗೆ ಕೂಡಿಸಿಕೊಂಡು ಇದ್ದಿಲಿನಿಂದ ಗೋಡೆಯ ಮೇಲೆ ಅಕ್ಷರ ಬರೆದು ತೋರಿಸುತ್ತಿದ್ದಳಂತೆ. ಅವ್ವ ಬೈದು ಸಾರಿಸಿದರೆ ಮರುದಿನ ಮತ್ತೆ ಬರೆಯುತ್ತಿದ್ದಳಂತೆ. ಮದುವೆಯಾಗಿ ಸಂತಪುರಕ್ಕೆ ಹೋದ ಮೇಲೆ ಅಕ್ಷರ ಕಲಿಸುವವರು ಯಾರೂ ಉಳಿಯಲಿಲ್ಲ ಎಂದಳು. ಪ್ರಣಿತಾ ಕೇಳುತ್ತ ಕೂತಳು. ಅನುಸೂಯಾಬಾಯಿ ಸೆರಗು ಕೊಡವಿ ಎದ್ದು ಮತ್ತೆ ಸಾಲಿಗೆ ಹೋದಾಗ ಅವಳೂ ಹಿಂದೆಯೇ ಹೋದಳು.