ಹದಿನೈದು ಸೆಕೆಂಡು

ಒಂದು ಇಸ್ಪೀಟೆಲೆ ಎತ್ತಲು ಅಕ್ಕನಿಗೆ ಎಷ್ಟು ಹೊತ್ತು ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಎಣಿಸುತ್ತಿದ್ದೆ. ಮೊದಲ ದಿನ ಒಂದು ನಿಮಿಷ ನಲವತ್ತು ಸೆಕೆಂಡು. ಅಷ್ಟಾದ ಮೇಲೂ ಎತ್ತಲಿಲ್ಲ, ಮೇಜಿನ ಅಂಚಿನವರೆಗೆ ಅಂಗೈಯಲ್ಲಿ ತಳ್ಳಿಕೊಂಡು ಹೋಗಿ ಮಡಿಲಿಗೆ ಬೀಳಿಸಿಕೊಂಡಳು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತ್ತು.

ವಿಷಯ ಇಷ್ಟೇ. ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಇಪ್ಪತ್ತೆರಡು ವರ್ಷದಿಂದ ಬಟ್ಟೆ ಕತ್ತರಿಸಿದವಳು, ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿ ಭುಜದ ಅಳತೆ ಹೇಳಿಬಿಡುವವಳು. ಎರಡು ತಿಂಗಳ ಹಿಂದೆ ಕತ್ತರಿಸುವ ಯಂತ್ರದ ಅಲಗು ಜಾರಿ ಅವಳ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ಆಸ್ಪತ್ರೆಯಲ್ಲಿ ನರ ಜೋಡಿಸಿದರು, ಹೊಲಿಗೆ ಹಾಕಿದರು, ಗಾಯವೂ ಮಾಯಿತು. ಆದರೆ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಸೇರುವುದನ್ನೇ ಮರೆತಿದ್ದವು. ಕತ್ತರಿ ಹಿಡಿಯುವವಳಿಗೆ ಆ ಎರಡು ಬೆರಳೇ ಎಲ್ಲ. ಒಂಟಿಯಾಗಿ ಅಡುಗೆ ಮಾಡಿಕೊಳ್ಳಲು ಆಗದೆ ನನ್ನ ಮನೆಗೆ ಬಂದು ಉಳಿದಿದ್ದಳು.

ಕೈಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಚಿಕ್ಕ ವಯಸ್ಸಿನವಳು, ಮಾತು ಮಾತ್ರ ಹೆಡ್‌ಮಾಸ್ತರರದ್ದು. "ನುಣುಪು ಮೇಜಿನ ಮೇಲಿಂದ ಒಂದು ಇಸ್ಪೀಟೆಲೆ ಎತ್ತಿ ಮಗುಚಿ ಇಡಬೇಕು. ಬಟ್ಟೆ ಹಾಸೋ ಹಾಗಿಲ್ಲ, ಅಂಚಿಗೆ ಎಳೆಯೋ ಹಾಗಿಲ್ಲ. ಎಡಗೈ ತೊಡೆ ಕೆಳಗೆ. ಬರೋ ಶುಕ್ರವಾರ ನನ್ನ ಮುಂದೆ ಮಾಡಿ ತೋರಿಸಿ. ಆಗಲಿಲ್ಲ ಅಂದ್ರೆ ಇನ್ನೊಂದು ಆಪರೇಷನ್‌ಗೆ ಬರೀತೀನಿ," ಎಂದಳು. ಇನ್ನೊಂದು ಆಪರೇಷನ್ ಎಂದರೆ ಇನ್ನೂ ಮೂರು ತಿಂಗಳು. ಕಾರ್ಖಾನೆಯ ಯಜಮಾನರು ಅಷ್ಟು ಕಾಯುವವರಲ್ಲ, ಅವರ ಗಡುವು ಆ ಶುಕ್ರವಾರ ಕಳೆದ ಸೋಮವಾರ. "ಸೋಮವಾರ ಬಂದ್ರೆ ಕಟಿಂಗ್ ಮೇಜು ನಿಮ್ದೇ ಕಣಮ್ಮ. ಇಲ್ಲಾಂದ್ರೆ ನಾನೇನ್ ಮಾಡ್ಲಿ ನೀವೇ ಹೇಳಿ," ಎಂದು ಆಗಲೇ ಫೋನಿನಲ್ಲಿ ಹೇಳಿಯಾಗಿತ್ತು.

"ಮನೇಲಿ ಇಸ್ಪೀಟು ಆಡೋರು ಯಾರಾದ್ರೂ ಇದಾರಾ?" ಎಂದು ಫಿಸಿಯೋ ಕೇಳಿದಳು.

ಅಕ್ಕ ಗಲ್ಲ ಎತ್ತಿ ನನ್ನನ್ನು ತೋರಿಸಿದಳು. "ಈ ಮಹಾನುಭಾವ ಬೇರೆ ಏನೂ ಮಾಡೋದೇ ಇಲ್ಲ."

ನಿಜ. ಹನ್ನೊಂದು ವರ್ಷದಿಂದ ನನ್ನ ಕಸುಬು ಆನ್‌ಲೈನ್ ಪೋಕರ್, ಹಣ ಕಟ್ಟಿ ಆಡುವ ಇಸ್ಪೀಟು. ಎರಡು ಪರದೆ, ಒಟ್ಟಿಗೆ ಎಂಟು ಟೇಬಲ್ ಎಂದರೆ ಎಂಟು ಆಟ, ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆವರೆಗೆ. ಪ್ರತಿ ಸರದಿಗೂ ಹದಿನೈದು ಸೆಕೆಂಡು ಸಮಯ. ಪರದೆಯಲ್ಲಿ ನನ್ನ ಹೆಸರಿನ ಕೆಳಗೆ ಒಂದು ಹಸಿರು ಪಟ್ಟಿ ಕರಗುತ್ತಾ ಬರುತ್ತದೆ, ಕೊನೆಗೆ ಕೆಂಪಾಗಿ ಕುಂಯ್ ಕುಂಯ್ ಅನ್ನುತ್ತದೆ. ನನಗೆ ಹದಿನೈದು ಬೇಕಾಗಿಲ್ಲ, ಎರಡು ಸಾಕು. ಈ ಎಲೆಗೆ ಈ ಗುಂಡಿ, ಆ ಎಲೆಗೆ ಆ ಗುಂಡಿ ಎಂದು ಬೆರಳಿಗೇ ಗೊತ್ತು. ತಲೆ ಎಲ್ಲೋ ಇರುತ್ತದೆ.

ಮೊದಲು ಹೀಗಿರಲಿಲ್ಲ. ಕೈಯಲ್ಲಿ ಒಳ್ಳೆಯ ಎಲೆ ಒಂದೂ ಇಲ್ಲದೆ ಎದುರಿನವನನ್ನು ಹೆದರಿಸಿ ಓಡಿಸಿದ ದಿನ ಕೋಣೆ ತುಂಬ ಕುಣಿದಿದ್ದೆ. ಅಕ್ಕನಿಗೆ ಕಾರ್ಖಾನೆಗೆ ಫೋನ್ ಮಾಡಿ, ಯಂತ್ರಗಳ ಗದ್ದಲದ ನಡುವೆ ಇಡೀ ಕಥೆ ಅರಚಿ ಹೇಳಿದ್ದೆ. ಅವಳಿಗೆ ಒಂದಕ್ಷರ ಅರ್ಥವಾಗದಿದ್ದರೂ "ಭಲೇ!" ಅಂದಿದ್ದಳು. ಈಗ? ಹೋದ ತಿಂಗಳು ಒಂಬೈನೂರು ಜನರ ಪಂದ್ಯದಲ್ಲಿ ಮೊದಲನೆಯವನಾಗಿ ಬಂದೆ. ಎದ್ದು ಹೋಗಿ ತಟ್ಟೆ ತೊಳೆದೆ. "ಸೋತ್ಯಾ? ಹೋಗ್ಲಿ ಬಿಡು," ಎಂದಳು ಅಕ್ಕ. ನಾನು ಅವಳನ್ನು ತಿದ್ದಲಿಲ್ಲ. ತಿದ್ದುವಷ್ಟು ಖುಷಿಯೂ ಇರಲಿಲ್ಲ.

ಖುಷಿ ಹೋಯಿತು, ಆ ಹಸಿರು ಪಟ್ಟಿ ಮಾತ್ರ ಮೈಯೊಳಗೆ ಉಳಿಯಿತು. ಅಂಗಡಿಯ ಸಾಲಿನಲ್ಲಿ ಮುಂದಿನವರು ಚೀಲ ತಡಕಾಡಿದರೆ ನನ್ನ ದವಡೆ ಬಿಗಿಯುತ್ತದೆ. ಲಿಫ್ಟು ಬರುವವರೆಗೆ ಕಾಯಲಾಗದೆ ಐದು ಮಹಡಿ ಹತ್ತುತ್ತೇನೆ. ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ, ಅವರ ವಾಕ್ಯವನ್ನು ನಾನೇ ಮುಗಿಸಿಬಿಡುತ್ತೇನೆ. ಮದುವೆಯವರೆಗೆ ಬಂದ ಒಬ್ಬಳು ಆ ಒಂದೇ ಕಾರಣಕ್ಕೆ ಬಿಟ್ಟುಹೋದಳು. ಆ ಕಾರಣ ಹೇಳುವಾಗಲೂ ಅವಳ ಮಾತನ್ನು ನಾನೇ ಮುಗಿಸಿದ್ದೆ.

ಇಂಥವನ ಕೈಗೆ ಅಕ್ಕನ ಕೈ ಸಿಕ್ಕಿತ್ತು.

ನಾವು ಆಡುತ್ತಿದ್ದದ್ದು ಚಿಕ್ಕಂದಿನ ಸುಳ್ಳಾಟ. ಅದನ್ನು ನನಗೆ ಕಲಿಸಿದವಳೇ ಅವಳು. ಇಬ್ಬರಿಗೂ ಹತ್ತು ಹತ್ತು ಎಲೆ, ಮಿಕ್ಕಿದ್ದು ಪಕ್ಕಕ್ಕೆ. ಒಬ್ಬರು ಒಂದು ಎಲೆ ಬೋರಲಾಗಿಟ್ಟು "ಏಳು" ಅನ್ನಬೇಕು, ಮುಂದಿನವರು "ಎಂಟು" ಅನ್ನಬೇಕು, ಹೀಗೇ ಮೇಲಕ್ಕೆ. ಹೇಳಿದ ಎಲೆಯನ್ನೇ ಇಡಬೇಕು ಅಂತೇನಿಲ್ಲ. ಎದುರಿನವರಿಗೆ ಅನುಮಾನ ಬಂದರೆ "ಸುಳ್ಳು" ಎನ್ನಬೇಕು. ಸುಳ್ಳಾಗಿದ್ದರೆ ಇಟ್ಟವರಿಗೆ ಇಡೀ ಗುಡ್ಡೆ, ನಿಜವಾಗಿದ್ದರೆ ಅನುಮಾನ ಪಟ್ಟವರಿಗೆ. ಮೊದಲು ಕೈ ಖಾಲಿ ಮಾಡಿದವರು ಗೆದ್ದಂತೆ. ಅಕ್ಕ ತನ್ನ ಎಲೆಗಳನ್ನು ನೆಟ್ಟಗೆ ನಿಲ್ಲಿಸಿದ ಒಂದು ದಪ್ಪ ಪುಸ್ತಕದ ಮರೆಯಲ್ಲಿ ಹರಡಿಕೊಂಡು ಕೂರುತ್ತಿದ್ದಳು. ನನಗೆ ಅವಳ ಮಣಿಕಟ್ಟು ಮಾತ್ರ ಕಾಣುತ್ತಿತ್ತು. ಮೇಜಿನ ಮೇಲೆ ಉಗುರು ಕರ್ ಕರ್ ಎಂದು ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಶನಿವಾರ, ಭಾನುವಾರ, ಸೋಮವಾರ. ಕರ್ ಕರ್. ನನ್ನ ಮೊಣಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

"ಕಾಲಿಗೇನು ಮೋಟರ್ ಹಾಕ್ಸಿದೀಯೇನೋ? ಮೇಜು ಅಲ್ಲಾಡ್ತಿದೆ."

"ನೀನು ಎತ್ತಕ್ಕ, ಮಾತು ಆಮೇಲೆ."

ಮಂಗಳವಾರ ಮಧ್ಯಾಹ್ನ ಎಂಟೂ ಟೇಬಲ್‌ಗಳಿಂದ ಹತ್ತು ನಿಮಿಷದ ಬಿಡುವು ತೆಗೆದುಕೊಂಡು ಬಂದು ಕೂತೆ. ಬೆನ್ನು ಸಿಡಿಯುತ್ತಿತ್ತು, ಕಣ್ಣಲ್ಲಿ ಮರಳು. ನಾನು ಏಳು ಇಟ್ಟೆ. ಅವಳ ಸರದಿ ಎಂಟು. ಕರ್ ಕರ್. ಹತ್ತು, ಹನ್ನೊಂದು, ಹನ್ನೆರಡು. ಕರ್. ಆಮೇಲೆ ಸದ್ದು ನಿಂತಿತು. ಹದಿಮೂರು, ಹದಿನಾಲ್ಕು. ನನ್ನ ತಲೆಯೊಳಗೆ ಪಟ್ಟಿ ಕೆಂಪಾಯಿತು. ಪುಸ್ತಕದ ಮೇಲಿಂದ ಕೈ ಚಾಚಿ ಅವಳ ಬೆರಳ ಬಳಿಯಿದ್ದ ಎಲೆ ತೆಗೆದು ಮಧ್ಯಕ್ಕೆ ಎಸೆದುಬಿಟ್ಟೆ.

"ಎಂಟು ತಾನೇ? ಆಯ್ತು. ನಂದು ಒಂಬತ್ತು."

ಅಕ್ಕ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ಹಿಡ್ದಿದ್ದೆ ಕಣೋ," ಎಂದಳು ಕೊನೆಗೆ, ಮೆಲ್ಲಗೆ.

"ಏನನ್ನ?"

"ಎಲೆನ. ಎರಡೂ ಬೆರಳಲ್ಲಿ. ಮೇಜಿಂದ ಮೇಲೆ ಬಂದಿತ್ತು. ನೀನು ಕಿತ್ಕೊಂಡೆ."

ಅವಳು ಹೇಳಿದ್ದು ನಿಜ. ನಾನು ಎಲೆ ಎಳೆದಾಗ ಅದು ಸುಮ್ಮನೆ ಬಂದಿರಲಿಲ್ಲ. ಒಂದು ಚೂರು, ಒಂದೇ ಒಂದು ಚೂರು, ಆ ಕಡೆಯಿಂದ ಹಿಡಿತವಿತ್ತು. ಎಂಟು ವಾರದಲ್ಲಿ ಮೊದಲ ಸಲ ಅವಳ ಕೈ ಏನನ್ನೋ ಹಿಡಿದಿತ್ತು, ನಾನು ಅದನ್ನು ಬಿಡಿಸಿ ಬಿಸಾಕಿದ್ದೆ.

"ಇನ್ನೊಂದ್ಸಲ ಮಾಡಕ್ಕ. ಮಾಡು, ಬರುತ್ತೆ."

ಮಾಡಿದಳು. ಹತ್ತು ಸಲ, ಹದಿನೈದು ಸಲ. ಬೆರಳು ನಡುಗಿ ನಡುಗಿ ಸೋತಿತು. ಕಡೆಗೆ ಎಡಗೈಯಿಂದ ಎಲೆಗಳನ್ನು ಗುಡಿಸಿ ಎದ್ದಳು. "ಹೋಗು, ನಿನ್ನ ಟೇಬಲ್‌ಗಳು ಕಾಯ್ತಿರ್ತವೆ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಬೈಗುಳ ನನಗೆ ಅಭ್ಯಾಸ.

ಬುಧವಾರ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿಂದ ಕರ್ ಕರ್. ನಾನು ಈ ಕಡೆ ಪರದೆಯ ಮುಂದೆ. ಆಗ ಗೂಬೆ ಫೋನ್ ಮಾಡಿದ. ಗೂಬೆ ಎಂದರೆ ನನ್ನ ಜೊತೆಯ ಆಟಗಾರ, ಎಂಟು ವರ್ಷದ ಪರಿಚಯ, ಮುಖ ನೋಡಿದ್ದು ಎರಡೇ ಸಲ. ನಮ್ಮದು ನಾಲ್ಕು ಜನರ ಗುಂಪು. ಮೊದಲೆಲ್ಲ ಎಲೆಗಳ ಬಗ್ಗೆ ಕಿತ್ತಾಡುತ್ತಿದ್ದೆವು. ಈಗ ಬೆನ್ನುನೋವಿನ ಬೆಲ್ಟು, ಕಣ್ಣಿಗೆ ಹಾಕುವ ಹನಿ, ನಿದ್ದೆ ಮಾತ್ರೆ, ಇಷ್ಟೇ ಮಾತು.

"ನಿನ್ನೆ ದೊಡ್ಡದಾಗಿ ಗೆದ್ದೆ ಕಣಯ್ಯಾ," ಎಂದ ಗೂಬೆ. "ಗೆದ್ದು, ಬಚ್ಚಲಿಗೆ ಹೋಗಿ..."

"ಕೂತು ಅತ್ತುಬಿಟ್ಟೆ," ಎಂದು ನಾನೇ ಮುಗಿಸಿದೆ.

"ಹೂಂ. ನಿಂಗ್ಹೆಂಗೆ ಗೊತ್ತು?"

ಎರಡು ಟೇಬಲ್ ಕುಂಯ್‌ಗುಡುತ್ತಿದ್ದವು, ಗುಂಡಿ ಒತ್ತಿದೆ.

"ಒಂದು ಮಾತು ಕೇಳ್ತೀನಿ," ಎಂದ ಅವನು. "ಎದುರಿನವನ ಕೈಲಿ ಏನಿರಬಹುದು ಅಂತ ನಿಂಗೆ ನಿಜವಾಗ್ಲೂ ಕುತೂಹಲ ಆಗಿದ್ದು ಕೊನೇ ಸಲ ಯಾವಾಗ? ಲೆಕ್ಕ ಅಲ್ಲ ಮಾರಾಯಾ. ಕುತೂಹಲ."

"ಗೊತ್ತಿಲ್ಲ ಕಣೋ," ಎಂದೆ. ಆ ದಿನವಿಡೀ ಯೋಚಿಸಿದರೂ ನೆನಪಾಗಲಿಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಆಡುತ್ತಿರುವಾಗ ಪಕ್ಕದ ಕೋಣೆಯಿಂದ ಅಕ್ಕನ ದನಿ ಕೇಳಿಸಿತು. ಕೆಲಸದ ದನಿ, ನೆಟ್ಟಗೆ ನಿಂತು ಆಡುವ ದನಿ. "ಯಜಮಾನ್ರು ಇದಾರಾ? ಸೋಮವಾರದ ವಿಷಯ ಮಾತಾಡಬೇಕಿತ್ತು. ಪರವಾಗಿಲ್ಲ, ಕಾಯ್ತೀನಿ."

ಎಂಟು ಟೇಬಲ್‌ನಲ್ಲೂ ನನ್ನ ಎಲೆಗಳಿದ್ದವು. ಒಂದರಲ್ಲಂತೂ ಬೇರೆ ದಿನವಾಗಿದ್ದರೆ ಕೈಬಿಡಲಾಗದಂಥ ಎಲೆ. ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಹೋಗಿ ಅಕ್ಕನ ಎಡಗೈಯಿಂದ ಫೋನ್ ತೆಗೆದು ಕಟ್ ಮಾಡಿ ಇಟ್ಟೆ.

"ಬುದ್ಧಿ ಇದೆಯೇನೋ ನಿಂಗೆ? ಅವರು ಲೈನಿಗೆ ಬರ್ತಿದ್ರು!"

"ಆಡೋಣ ಬಾ."

"ಸಾಕು ಕಣೋ. ನಾಳೆ ಆಗಲ್ಲ ಅಂತ ನಂಗೊತ್ತು. ಅವರು ಬೇಡ ಅನ್ನೋಕೆ ಮುಂಚೆ ನಾನೇ ಬರಲ್ಲ ಅಂದ್ರೆ ಮರ್ಯಾದೆ ಉಳಿಯುತ್ತೆ."

"ಒಂದಾಟ ಅಕ್ಕ. ಒಂದೇ."

"ನಿಂಗೆ ಕಾಯೋಕೆ ಬರಲ್ಲ."

"ಬರಲ್ಲ, ಒಪ್ಕೋತೀನಿ," ಎಂದು ಅವಳ ಮೇಜಿನ ಎದುರು ಕೂತೆ. ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಭಾರ ಹಾಕಿದೆ. "ನನ್ನ ಸರದಿಗೆ ಮಾತ್ರ ತೆಗೀತೀನಿ."

ಅಕ್ಕ ನಾನು ಕೂತ ರೀತಿ ನೋಡಿದಳು. "ಥೂ, ಪಾಯಿಖಾನೆ ಬಾಗಿಲಲ್ಲಿ ಕಾಯೋನ ಥರ ಕಾಣ್ತೀಯ," ಎಂದು ಎದುರು ಕೂತಳು.

ಮೊದಲ ಸರದಿಗಳು ಸುಲಭವಾಗಿರಲಿಲ್ಲ. ಎರಡು ಸಲ ಬೆರಳು ಸೋತು, ಎಲೆಯನ್ನು ಅಂಚಿಗೇ ಎಳೆದುಕೊಂಡಳು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಗುಡ್ಡೆ ಬೆಳೆಯಿತು. ನಾನು ಗುಲಾಮ ಅಂದು ಒಂದು ಎಲೆ ಇಟ್ಟು ಕೈಯನ್ನು ಮತ್ತೆ ಕೆಳಗೆ ಸೇರಿಸಿದೆ. ಅವಳ ಸರದಿ, ರಾಣಿ.

ಕರ್ ಕರ್. ನನ್ನ ಕೋಣೆಯಿಂದ ಟೇಬಲ್‌ಗಳು ಒಂದಾದ ಮೇಲೊಂದು ಕುಂಯ್ ಕುಂಯ್ ಎಂದು ಕರೆಯತೊಡಗಿದವು. ಹದಿನೈದು ಸೆಕೆಂಡು ಮುಗಿಯಿತು. ಮೂವತ್ತಾಯಿತು. ಬೆನ್ನಲ್ಲಿ ಬೆವರು. ನನ್ನ ತೊಡೆಯ ಕೆಳಗೆ ಬೆರಳುಗಳು ತಾವಾಗಿ ಮಿಡಿಯುತ್ತಿದ್ದವು, ಇಲ್ಲದ ಗುಂಡಿಯನ್ನು ಒತ್ತುತ್ತಿದ್ದವು. ಅಯ್ಯೋ ದೇವರೇ, ಎತ್ತೇ ಮಾರಾಯ್ತಿ ಎಂದು ಕಿರುಚಬೇಕೆನಿಸಿತು. ಕೆಳತುಟಿ ಕಚ್ಚಿದೆ. ಒಂದು ನಿಮಿಷ. ಆಮೇಲೆ ಆ ಕೋಣೆಯ ಸದ್ದು ನಿಂತಿತು. ಉತ್ತರ ಕೊಡದವನನ್ನು ಎಂಟೂ ಟೇಬಲ್‌ಗಳು ಹೊರಗೆ ಹಾಕಿದ್ದವು. ಮನೆಯಲ್ಲಿ ಅಕ್ಕನ ಉಸಿರು, ಉಗುರು, ಇಷ್ಟೇ ಉಳಿಯಿತು. ಎಲ್ಲಿಯೋ ಎಣಿಕೆ ತಪ್ಪಿಹೋಯಿತು. ಮತ್ತೆ ಹಿಡಿಯಲು ಹೋಗಲಿಲ್ಲ.

ಕೆರೆತ ನಿಂತಿತು. ಮೊನ್ನೆ ನಿಂತ ಹಾಗೆಯೇ. ಅವಳ ಮಣಿಕಟ್ಟಿನ ನರ ಉಬ್ಬಿತು. ಪುಸ್ತಕದ ಅಂಚಿನ ಮೇಲೆ ಒಂದು ಎಲೆಯ ಮೂಲೆ ಕಂಡಿತು, ಜಾರಿತು, ಕೆಳಗೆ ಹೋಯಿತು. ಅಕ್ಕ ಕಣ್ಣು ಮುಚ್ಚಿ ತೆರೆದಳು. ಮತ್ತೆ ಮೂಲೆ ಕಂಡಿತು. ಈ ಸಲ ಇಡೀ ಎಲೆ ಮೇಲೆ ಬಂತು, ಗಾಳಿಯಲ್ಲಿ ನಡುಗುತ್ತಾ, ಎರಡು ಬೆರಳ ನಡುವೆ. ಪುಸ್ತಕ ದಾಟಿ ಬಂದು ಗುಡ್ಡೆಯ ಮೇಲೆ ಬೋರಲು ಕೂತಿತು.

"ರಾಣಿ," ಎಂದಳು. ದನಿ ಒಡೆದಿತ್ತು. ನನ್ನ ಕಣ್ಣು ತುಂಬಿ ಬಂತು.

"ಅಕ್ಕ..."

"ಅಳೋದು ಆಮೇಲೆ. ನಿಜಾನೋ ಸುಳ್ಳೋ, ಹೇಳು."

ನನ್ನ ಕೈಯಲ್ಲಿ ಮೂರು ರಾಣಿಯರಿದ್ದರು. ಉಳಿದದ್ದು ಒಬ್ಬಳೇ, ಅವಳೂ ಪಕ್ಕಕ್ಕಿಟ್ಟ ಕಟ್ಟಿನಲ್ಲಿರುವ ಸಂಭವವೇ ಹೆಚ್ಚು. ಲೆಕ್ಕ ಎರಡು ಸೆಕೆಂಡಿನಲ್ಲಿ ಮುಗಿಯಿತು. ಸುಳ್ಳು. ಆದರೂ ಅಕ್ಕನ ಮುಖ ನೋಡಿದೆ. ನನಗೆ ಏಳು ವರ್ಷ, ಅವಳಿಗೆ ಹದಿನಾಲ್ಕು, ಆಗಲೂ ಸುಳ್ಳು ಹೇಳುವಾಗ ಹೀಗೇ ಕಿಟಕಿ ಕಡೆ ನೋಡುತ್ತಿದ್ದಳು. ನಿಜ ಹೇಳುವಾಗಲೂ, ಕಳ್ಳಿ, ಕಿಟಕಿ ಕಡೆಯೇ ನೋಡುತ್ತಿದ್ದಳು. ಆ ಎಲೆ ಏನು? ಏನಿರಬಹುದು?

"ಸುಳ್ಳು!" ಎಂದು ಅರಚಿ, ಎಲೆ ತಿರುಗಿಸಲು ಕೈ ಹೊರತೆಗೆದೆ.

"ಕೈ ಕೆಳಗೆ," ಎಂದಳು ಅಕ್ಕ. "ನಾನೇ ಮಗುಚ್ತೀನಿ. ನಾಳೆ ಆ ಹುಡುಗಿ ಮುಂದೆ ಮಾಡಬೇಕಾದ್ದು ಇದನ್ನೇ."

ಕೈ ಕೆಳಗಿಟ್ಟೆ. ಅವಳ ಹೆಬ್ಬೆರಳು ಎಲೆಯ ಅಂಚು ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ನಾನು ಮೇಜಿನ ಮೇಲೆ ಬಾಗಿ, ಉಸಿರು ಹಿಡಿದು, ಆ ಎಲೆಯ ಬೆನ್ನನ್ನೇ ನೋಡುತ್ತಿದ್ದೆ. ಎತ್ತಿದಳು. ಎತ್ತಿ ನಿಲ್ಲಿಸಿದಳು. ಮಗುಚಿದಳು.

ಆಟಿನ್ ರಾಣಿ.

"ಎತ್ಕೋ ಗುಡ್ಡೆನ," ಎಂದಳು ಅಕ್ಕ. "ಅಷ್ಟೂ ನಿಂದೇ. ದೊಡ್ಡ ಆಟಗಾರನಂತೆ!"

ನಾನು ಬಿದ್ದು ಬಿದ್ದು ನಕ್ಕೆ. ಸೋತದ್ದಕ್ಕೆ, ಮೋಸಹೋದದ್ದಕ್ಕೆ, ಕಣ್ಣಲ್ಲಿ ನೀರು ಸುರಿಯುವಷ್ಟು. ಅಕ್ಕ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು, ಎರಡು ಬೆರಳನ್ನು ಕತ್ತರಿಯ ಹಾಗೆ ಸೇರಿಸಿ, ಬಿಡಿಸಿ, ಮತ್ತೆ ಸೇರಿಸಿ ನೋಡಿಕೊಳ್ಳುತ್ತಿದ್ದಳು.

"ಇನ್ನೊಂದಾಟ?" ಎಂದೆ.

"ನಿನ್ನ ಟೇಬಲ್‌ಗಳು?"

"ಎಲೆ ಹಂಚಕ್ಕ. ನೀನೇ ಹಂಚು."

ಇಪ್ಪತ್ತು ಎಲೆ ಹಂಚಬೇಕಿತ್ತು. ಮೊದಲನೆಯದಕ್ಕೆ ಅವಳು ಬೆರಳು ಚಾಚಿದಳು. ನಾನು ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ.