ತೈವೊಳ ಕಾಲು

ಆ ವರ್ಷ ಕಾಯಿಲೆ ಬಂದು ಬಸ್ಸುಗಳು ನಿಂತವು. ಈಸ್ಟರ್‌ಗೆಂದು ಇಬಾದಾನ್, ಲಾಗೋಸ್ ಪಟ್ಟಣಗಳಿಂದ ಇಳಾ ಊರಿಗೆ ಬರಬೇಕಾಗಿದ್ದ ಮಕ್ಕಳು ಮೊಮ್ಮಕ್ಕಳೆಲ್ಲ ಇದ್ದಲ್ಲೇ ಉಳಿದರು. ಹಬ್ಬ ಸಪ್ಪೆಯಾಗಬಾರದೆಂದು ಮುದುಕಿ ಕೆಹಿಂದೆಯ ಹಿರಿಮಗ ಲೆಕಾನ್ ಇಬಾದಾನಿನಲ್ಲಿ ಕೂತೇ ಒಂದು ಆಟ ಹೂಡಿದ. ಅವನು ಫೋನಿನಲ್ಲಿ ಒಂದೊಂದೇ ವಸ್ತುವಿನ ಗುರುತು ಹೇಳುತ್ತಾನೆ. ಅವರವರ ಮನೆಯ ಕಾಂಪೌಂಡ್ ದಾಟದೆ ಅದನ್ನು ಹುಡುಕಿ, ಫೋಟೊ ತೆಗೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಬೇಕು. ಹಳೆಯ ಫೋಟೊ ನಡೆಯುವುದಿಲ್ಲ, ಅಂದೇ ತೆಗೆದದ್ದಾಗಿರಬೇಕು. ಕತ್ತಲಾಗುವುದರೊಳಗೆ ಯಾರು ಹೆಚ್ಚು ಕಳಿಸುತ್ತಾರೋ ಅವರು ಗೆದ್ದಂತೆ.

ಮಕ್ಕಳಿಗೆಂದು ಹೂಡಿದ ಆಟಕ್ಕೆ ಮುದುಕಿಯರು ಸೊಂಟ ಕಟ್ಟಿ ನಿಂತರು. ಅಂಗಳದ ಈ ಬದಿಗೆ ಕೆಹಿಂದೆ, ಆ ಬದಿಗೆ ಅವಳ ಸವತಿ ಅಯೋಕಾ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವರಿಬ್ಬರ ಪೈಪೋಟಿಗೆ ಮಾತ್ರ ಸಾವು ಬಂದಿರಲಿಲ್ಲ. ಕೆಹಿಂದೆಗೆ ಫೋನು ಹಿಡಿಯಲು ಮೊಮ್ಮಗಳು ಮೊರೆನಿಕೆ ಇದ್ದಳು. ಕಾಲೇಜಿಗೆ ರಜೆಯೆಂದು ಮುಂಚೆಯೇ ಬಂದು ಇಲ್ಲೇ ಸಿಕ್ಕಿಕೊಂಡವಳು. ಅಯೋಕಾ ಯಾರ ಹಂಗೂ ಬೇಡವೆಂದು ತಾನೇ ತೆಗೆಯುತ್ತಿದ್ದಳು, ಹಾಗಾಗಿ ಅವಳ ಪ್ರತಿ ಫೋಟೊದಲ್ಲೂ ಅರ್ಧ ಹೆಬ್ಬೆರಳು ಇರುತ್ತಿತ್ತು.

ಕೆಂಪು ವಸ್ತು ಎಂದಾಗ ಇಬ್ಬರೂ ತಾಳೆಎಣ್ಣೆಯ ಡಬ್ಬಿಗೇ ಓಡಿದರು.

"ಅಕ್ಕಾ, ನನ್ನನ್ನ ನೋಡಿ ಕಾಪಿ ಹೊಡೀತಿದೀಯ" ಎಂದಳು ಅಯೋಕಾ.

"ನಿನ್ನ ಹೆಬ್ಬೆರಳನ್ನ ಕಾಪಿ ಹೊಡೆಯೋಕೆ ನನಗೇನು ಹುಚ್ಚಾ? ಸುಮ್ನೆ ನಿನ್ನ ಕೆಲಸ ನೋಡ್ಕೋ."

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸಮಸಮ ನಿಂತಿದ್ದರು. ಆಗ ಲೆಕಾನ್‌ನ ದನಿ ಬಂತು: "ಮನೆಯ ಗೋಡೆ ಮೇಲಿರೋದ್ರಲ್ಲೆಲ್ಲ ಹಳೇ ವಸ್ತು."

ಕೆಹಿಂದೆ ನಕ್ಕಳು. ಗೆಲುವು ತನ್ನ ಮಲಗುವ ಕೋಣೆಯಲ್ಲೇ ನೇತಾಡುತ್ತಿತ್ತು. ಅವಳಿಗೆ ಆರು ವರ್ಷವಾಗಿದ್ದಾಗ ತೆಗೆದ ಕಪ್ಪುಬಿಳುಪು ಚಿತ್ರ ಅದು. ಒಂದು ಬೆಂಚು, ಅದರ ಮೇಲೆ ಅಕ್ಕಪಕ್ಕ ಕೂತ ಇಬ್ಬರು ಹುಡುಗಿಯರು, ಕೆಹಿಂದೆ ಮತ್ತು ಅವಳ ಅವಳಿ ತೈವೊ.

ಆದರೆ ಚಿತ್ರ ತೆಗೆದ ದಿನ ತೈವೊ ಬದುಕಿರಲಿಲ್ಲ. ದಡಾರ ಅವಳನ್ನು ಆಗಲೇ ಒಯ್ದಿತ್ತು. ಅಜ್ಜಿಯ ಕಾಲವಾಗಿದ್ದರೆ ಸತ್ತ ಅವಳಿ ಮಗುವಿನ ಹೆಸರಲ್ಲಿ ಮರದ ಬೊಂಬೆ ಕೆತ್ತಿಸಿ, ಅದನ್ನು ಮೀಯಿಸಿ, ಉಣಿಸುತ್ತಿದ್ದರು. ಅವ್ವ ಚರ್ಚಿಗೆ ಸೇರಿದವಳು, ಬೊಂಬೆ ಒಲ್ಲೆನೆಂದು ಫೋಟೊದವನನ್ನು ಕರೆಸಿದಳು. ಅವನು ಉಳಿದ ಮಗುವನ್ನು ಎರಡು ಸಲ ಕೂರಿಸಿ ಇಬ್ಬರನ್ನೂ ಒಂದೇ ಚಿತ್ರಕ್ಕೆ ತರಬಲ್ಲವನು. ಆಗ ಊರಲ್ಲಿ ಎಲ್ಲರೂ ಹಾಗೆಯೇ ಮಾಡಿಸುತ್ತಿದ್ದರು, ಯಾರಿಗೂ ಅದು ಮೋಸ ಅನ್ನಿಸುತ್ತಿರಲಿಲ್ಲ.

ಕೆಹಿಂದೆ ಬೆಂಚಿನ ಎಡಕ್ಕೆ ಕೂತು ಕೆಹಿಂದೆಯಾದಳು. ಆಮೇಲೆ ಅವ್ವ ತೈವೊಳ ಅಂಗಿ ತೊಡಿಸಿ ಬಲಕ್ಕೆ ಕೂರಿಸಿ, "ಈಗ ತೈವೊ ಹಾಗೆ ಕೂತ್ಕೋ" ಎಂದಳು. ಹಾಗೆಂದರೆ ಹೇಗೆ? ತೈವೊ ಕೂತದ್ದನ್ನೇ ಯಾರೂ ನೋಡಿರಲಿಲ್ಲ. ಕೂತರೂ ಅವಳ ಕಾಲು ಕೂರುತ್ತಿರಲಿಲ್ಲ. ಹುಡುಗಿ ಯೋಚಿಸಿ ಒಂದು ಕಾಲನ್ನು ಆಡಿಸತೊಡಗಿದಳು. ಫೋಟೊದವನು ಗದರಿಸಿದ, ಅವ್ವ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಿತ್ರದಲ್ಲಿ ಬಲಗಡೆಯ ಹುಡುಗಿಯ ಪಾದ ಹೊಗೆಯಂತೆ ಮಸುಕಾಗಿ ಬಂತು. ಅಂದಿನಿಂದ ಆ ಮಸುಕಿನಿಂದಲೇ ತೈವೊಳನ್ನು ಗುರುತಿಸುತ್ತಿದ್ದರು. ಆ ಕಥೆಯನ್ನು ಕೆಹಿಂದೆ ಈ ಮನೆಗೆ ಬಂದವರಿಗೆಲ್ಲ ಹೇಳಿದ್ದಳು, ಅಯೋಕಾಗಂತೂ ಸಾಕುಸಾಕಾಗುವಷ್ಟು.

ಮೊರೆನಿಕೆ ಸ್ಟೂಲು ಹತ್ತಿ ಚೌಕಟ್ಟನ್ನು ಇಳಿಸಿದಳು. ಇಳಿಸುತ್ತಿದ್ದಂತೆ ಹಿಂಭಾಗದಿಂದ ಮಣ್ಣು ಉದುರಿತು. ಗೆದ್ದಲು ಹಿಡಿದಿತ್ತು. ಎಡಗಡೆಯ ಹುಡುಗಿ ಹಾಗೇ ಇದ್ದಳು. ಬಲಗಡೆ ಬೆಂಚಿನ ಒಂದು ಚೂರು ಬಿಟ್ಟರೆ ಏನೂ ಉಳಿದಿರಲಿಲ್ಲ. ಕೋಣೆ ಕತ್ತಲು, ಕೆಹಿಂದೆಯ ಕಣ್ಣು ಮಂಜು. ಯಾವಾಗಿನಿಂದ ಖಾಲಿ ಜಾಗಕ್ಕೆ ಶುಭರಾತ್ರಿ ಹೇಳುತ್ತಿದ್ದಳೋ ಅವಳಿಗೇ ಗೊತ್ತಿಲ್ಲ.

ಅವಳು ಹಾಸಿಗೆಯ ಮೇಲೆ ಕುಸಿದಳು. ಜಗತ್ತಿನಲ್ಲಿ ತೈವೊ ಇದ್ದಳೆನ್ನುವುದಕ್ಕೆ ಬೇರೆ ಚಿತ್ರ ಇರಲಿಲ್ಲ. ತನ್ನನ್ನು ಬಿಟ್ಟರೆ ಅವಳನ್ನು ಕಂಡವರೂ ಈಗ ಯಾರೂ ಬದುಕಿರಲಿಲ್ಲ.

"ಎರಡನೇ ಸಲ ಸತ್ತಳಲ್ಲೇ" ಎಂದಳು.

ಮೊರೆನಿಕೆ ಚೌಕಟ್ಟನ್ನು ಗೋಡೆಗೆ ಒರಗಿಸಿಟ್ಟಳು. ಅದರ ಫೋಟೊ ತೆಗೆದು ಕಳಿಸಲಿಲ್ಲ. ಅಂಗಳದಾಚೆ ಅಯೋಕಾ ಗಂಡನ ಹಳೆ ಗೋಡೆ ಗಡಿಯಾರವನ್ನು ಕಳಿಸಿ ಮುಂದೆ ಹೋದಳು. ಗೆದ್ದ ಖುಷಿಯಲ್ಲಿ ಕೆಣಕಲೆಂದು ಬಂದವಳು ಬಾಗಿಲಲ್ಲೇ ನಿಂತು ಚೌಕಟ್ಟನ್ನು ನೋಡಿದಳು, ಬಂದ ದಾರಿಯಲ್ಲೇ ವಾಪಸ್ಸು ಹೋದಳು. ಅವಳು ಕೆಣಕದೆ ಹೋದದ್ದೇ ಒಂದು ವಿಶೇಷ.

ಸಂಜೆ ಲೆಕಾನ್‌ನ ಕೊನೆಯ ಗುರುತು ಬಂತು: "ಒಬ್ಬರ ಹಾಗೇ ಒಬ್ಬರು ಇರೋ ಇಬ್ಬರು."

ಕೆಹಿಂದೆ ಹಾಸಿಗೆಯಿಂದ ಎದ್ದು ಬಟ್ಟೆಯ ಪೆಟ್ಟಿಗೆ ತೆಗೆದಳು. "ಮೊರೆನಿಕೆ, ನಿನ್ನ ಫೋನು ಇಬ್ಬರನ್ನ ಒಂದೇ ಬೆಂಚಲ್ಲಿ ಕೂರಿಸುತ್ತಾ?"

"ಎರಡು ಫೋಟೊ ತೆಗೆದು ಜೋಡಿಸಬಹುದಜ್ಜಿ."

ಅಂಗಳದಲ್ಲಿ ಬೆಂಚು ಹಾಕಿದರು. ಕೆಹಿಂದೆ ನೀಲಿ ಉಡುಪಿನಲ್ಲಿ ಎಡಕ್ಕೆ ಕೂತಳು. ಒಳಗೆ ಹೋಗಿ ಹಳದಿ ಉಟ್ಟು ಬಂದು ಬಲಕ್ಕೆ ಕೂತಳು. ಮಂಡಿನೋವಿನ ಕಾಲನ್ನು ಕಷ್ಟಪಟ್ಟು ಆಡಿಸಿದಳು. ಮೊರೆನಿಕೆ ಕ್ಲಿಕ್ಕಿಸಿದಳು, ಫೋನು ನೋಡಿದಳು, ಇನ್ನೊಂದು ಸಲ ಕ್ಲಿಕ್ಕಿಸಿ ತೃಪ್ತಿಯಿಂದ ತಂದು ತೋರಿಸಿದಳು. ಅಷ್ಟರಲ್ಲಿ ಅಯೋಕಾ ಕೂಡ ಬಂದು ಇಣುಕಿದಳು.

"ಇದು ತೈವೊ ಅಲ್ಲ" ಎಂದಳು ಅಯೋಕಾ.

"ಯಾಕಜ್ಜಿ? ಎಷ್ಟು ಚೆನ್ನಾಗಿ ಬಂದಿದೆ."

"ಅದೇ ತೊಂದರೆ. ಕಾಲು ನೋಡು, ಬೆರಳೆಲ್ಲ ಎಣಿಸೋ ಹಾಗಿದೆ. ತೈವೊ ಕಾಲು ಹೀಗಿರುತ್ತಾ?"

"ಮೊದಲ್ನೇದರಲ್ಲಿ ಕಾಲು ಮಸುಕಾಗಿತ್ತು. ಕೆಟ್ಟಿದೆ ಅಂತ ಅಳಿಸಿಬಿಟ್ಟೆ."

ಮುದುಕಿಯರಿಬ್ಬರೂ ಒಟ್ಟಿಗೆ ತಲೆಗೆ ಕೈ ಹಚ್ಚಿದರು. ಇಬ್ಬರೂ ಒಂದೇ ಕೆಲಸ ಒಟ್ಟಿಗೆ ಮಾಡಿದ್ದು ಆ ಮನೆಯಲ್ಲಿ ಅದೇ ಮೊದಲೇನೋ.

ಬೆಳಕು ಇಳಿಯುತ್ತಿತ್ತು. ಕೆಹಿಂದೆಯ ಮಂಡಿ ಸೋತಿತ್ತು. "ಬಿಡು, ಆಗಲ್ಲ ನನ್ನ ಕೈಲಿ" ಎಂದಳು.

ಅಯೋಕಾ ಕೇಳಲಿಲ್ಲ. ಬೆಳಕು ಕಡಿಮೆಯಾದರೆ ಕಾಲು ಮಸುಕಾದೀತೆಂದು ಬೆಂಚನ್ನು ಅವಳೇ ಎಳೆದು ಮಬ್ಬುಗತ್ತಲಿನ ಜಗುಲಿಗೆ ಹಾಕಿದಳು. ಎರಡು ದಿಂಬು ತಂದು ಎತ್ತರ ಮಾಡಿ ಕೆಹಿಂದೆಯನ್ನು ಕೂರಿಸಿದಳು, ಕಾಲು ನೆಲಕ್ಕೆ ತಾಕದೆ ತೂಗಾಡಲೆಂದು. ಆಮೇಲೆ ಬೆಂಚಿನ ಹಿಂದೆ ಹೋಗಿ, ಚಿತ್ರಕ್ಕೆ ಸಿಗದಂತೆ ಕುಕ್ಕರಗಾಲಲ್ಲಿ ಕೂತು ಸವತಿಯ ಬೆನ್ನಿಗೆ ತನ್ನ ಭುಜ ಕೊಟ್ಟಳು.

"ಈಗ ಆಡಿಸು. ಮೂವತ್ತು ನಲವತ್ತು ವರ್ಷದಿಂದ ಆ ಕಾಲಿನ ಕಥೆ ಹೇಳಿ ನನ್ನ ತಲೆ ತಿಂದಿದೀಯ. ಇವತ್ತು ನಾನೂ ನೋಡ್ತೀನಿ."

ಕೆಹಿಂದೆಗೆ ನಗು ಬಂತು. ನಗುತ್ತಲೇ ಕಾಲಾಡಿಸಿದಳು.

"ಅಜ್ಜಿ, ನಿಮ್ಮದನ್ನ ಕಳಿಸಲ್ವಾ?" ಎಂದು ಮೊರೆನಿಕೆ ಅಯೋಕಾಳನ್ನು ಕೇಳಿದಳು. "ಹೊತ್ತು ಮುಳುಗ್ತಾ ಇದೆ."

"ನನ್ನ ಎರಡು ಮೇಕೆಮರಿ ಎಲ್ಲಿಗೂ ಹೋಗಲ್ಲ. ನೀನು ಇದನ್ನ ತೆಗಿ."

ಮೊರೆನಿಕೆ ಅಂಗಳದ ನೀಲಿಯನ್ನೂ ಜಗುಲಿಯ ಹಳದಿಯನ್ನೂ ಫೋನಿನಲ್ಲಿ ಜೋಡಿಸಿ ತಂದಳು. ಒಂದೇ ಬೆಂಚು. ಎಡಕ್ಕೆ ನೀಲಿಯುಟ್ಟ ಮುದುಕಿ, ನೆಟ್ಟಗೆ, ಗಂಭೀರವಾಗಿ. ಬಲಕ್ಕೆ ಹಳದಿಯುಟ್ಟ ಇನ್ನೊಬ್ಬಳು, ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಾಳೆ, ಪಾದ ಹೊಗೆಯಾಗಿದೆ.

ಕೆಹಿಂದೆ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು. ಇಷ್ಟು ಕಾಲ ಅವಳ ಮನಸ್ಸಿನಲ್ಲಿ ತೈವೊಗೆ ಆರೇ ವರ್ಷ. ಬೀದಿಯಲ್ಲಿ ಆ ವಯಸ್ಸಿನ ಹುಡುಗಿ ಓಡಿದರೆ ಇಂದಿಗೂ ನಿಂತು ತಿರುಗಿ ನೋಡುತ್ತಿದ್ದಳು.

"ಅಯೋಕಾ, ಇವಳೂ ಮುದುಕಿ ಆಗಿದಾಳಲ್ಲೇ" ಎಂದಳು.

"ಆಗದೆ ಏನು? ಇಷ್ಟು ವರ್ಷ ನಿನ್ನ ಜೊತೆ ಬಾಳಿದಾಳೆ. ನಾನೇ ಮುದುಕಿ ಆದೆ, ಅವಳು ಆಗಲ್ವಾ?" ಎನ್ನುತ್ತ ಅಯೋಕಾ ಸೊಂಟ ಹಿಡಿದುಕೊಂಡು ಎದ್ದಳು.

ಅವಳಿಗಳಿಗೆಂದು ಹಬ್ಬಹಬ್ಬಕ್ಕೂ ಬೇಯಿಸಿ ಎರಡು ತಟ್ಟೆಗೆ ಬಡಿಸುವ ಅಲಸಂದೆ ಕೆಹಿಂದೆಯ ಒಲೆಯ ಮೇಲಿತ್ತು. ಅಯೋಕಾ ಹೇಳಿಸಿಕೊಳ್ಳದೆ ಒಳಗೆ ಹೋಗಿ ಅದನ್ನು ಇಳಿಸಿದಳು, ತೈವೊಳ ತಟ್ಟೆಗೆ ಮೊದಲು ಬಡಿಸಿದಳು.