ಎಲ್ಲರೂ ಪುಂಡಲೀಕಪ್ಪ

ಗದಗಿನ ಬೀಜದಂಗಡಿಗೆ ತೌಹೀದ ಮಾಡಿಕೊಟ್ಟ ವೆಬ್‌ಸೈಟು ಪುಟ ಬದಲಾದಾಗಲೆಲ್ಲ ಹೊಸದಾಗಿ ಪಾಸ್‌ವರ್ಡ್ ಕೇಳುತ್ತಿತ್ತು. ಗಿರಾಕಿಗಳು ಬೈದರು. ಒಮ್ಮೆ ಲಾಗಿನ್ ಆದವರ ಹೆಸರು ಸರ್ವರಿನ ನೆನಪಿನಲ್ಲಿ ಉಳಿಯುವಂತೆ ತಿದ್ದಿದ ತೌಹೀದ, ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಗಿರ್ಮಿಟ್ ತರಿಸಿಕೊಂಡ. ತಿಂದು ಮುಗಿದಿರಲಿಲ್ಲ, ಶಿರಹಟ್ಟಿಯ ಗಿರಾಕಿ ಚನ್ನಮ್ಮ ಫೋನ್ ಮಾಡಿದಳು.

"ತಮ್ಮಾ, ಇದು ನನಗ 'ಬರ್ರಿ ಪುಂಡಲೀಕಪ್ಪ' ಅಂತೈತಿ. ಮುಂಡರಗ್ಯಾಗ ನಮ್ಮ ಬೀಗರಿಗೂ ಹಂಗ ಅಂತೈತಂತ. ಯಾರಪ್ಪ ಆ ಮಹಾರಾಯ?"

ತೌಹೀದ ತಾನು ತಿದ್ದಿದ ಕೋಡ್ ತೆರೆದು ನೋಡಿದ. ಜಿಲ್ಲೆಗೆಲ್ಲ ಸೇರಿ ಒಂದೇ ಹೆಸರು ನೆನಪಿಡುವಂತೆ ಬರೆದಿದ್ದ ಪಂಡಿತ. ಎಲ್ಲರಿಗಿಂತ ಕೊನೆಗೆ ಲಾಗಿನ್ ಆದ ಪುಂಡಲೀಕಪ್ಪನ ಹೆಸರೇ ಎಲ್ಲರಿಗೂ.

ಅಷ್ಟರಲ್ಲಿ ತಾಯಿ ಹಸೀನಾಬಿ ಎಂದಿನಂತೆ, ಕೊನೆಗೆ ಕಣ್ಣಿಗೆ ಬಿದ್ದ ಮಗನ ಹೆಸರಿನಿಂದಲೇ ಇವನನ್ನೂ ಕರೆದಳು: "ತಾರಿಕ, ಊಟಕ್ಕ ಬಾ."

ದಿನಾ "ನಾ ತೌಹೀದ" ಎಂದು ಸಿಡುಕುತ್ತಿದ್ದವನು ಇಂದು ತೆಪ್ಪಗೆ ಎದ್ದು ಹೋದ.